ನಮ್ಮ ಮೈದುನನ ನಾಯಿಯ ತವರು

ನಮ್ಮ ಮೈದುನನಿಗೆ ಹುಚ್ಚು ಇರಲಿಲ್ಲ. ಹುಚ್ಚಾಗಿದ್ದಿದ್ದರೆ ಎಲ್ಲಾದರೂ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಬಹುದಿತ್ತು. ಅವನಿಗೆ ಇದ್ದದ್ದು ಒಂದು ಪ್ರಶ್ನೆ. ಪ್ರಶ್ನೆಗೆ ತಾಯಿತ ಕಟ್ಟುವವರನ್ನು ನಾನಂತೂ ನೋಡಿಲ್ಲ. ನಮ್ಮ ಮನೆಯ ನಾಯಿಗೆ ತವರು ಯಾವುದು? ಇದೇ ಆ ಪ್ರಶ್ನೆ. ಊರಿನಲ್ಲಿ ಬೇರೆಯವರು ಮಳೆ ಯಾವಾಗ, ಕೊಬ್ಬರಿ ರೇಟು ಎಷ್ಟು, ಮಗಳಿಗೆ ಗಂಡು ಎಲ್ಲಿ ಎಂದು ಯೋಚನೆ ಮಾಡುತ್ತಿದ್ದಾಗ ಇವನು ಜಗಲಿ ಮೇಲೆ ಕುಳಿತು ನಾಯಿಯ ದವಡೆ ಹಿಡಿದುಕೊಂಡು ಅದರ ಮುತ್ತಜ್ಜನ ಬಗ್ಗೆ ಯೋಚಿಸುತ್ತಿದ್ದ. ನಾಯಿ ಏನೂ ಯೋಚಿಸುತ್ತಿರಲಿಲ್ಲ. ಜೊಲ್ಲು ಸುರಿಸುತ್ತಿತ್ತು.

ನಮ್ಮದು ಗುಬ್ಬಿಯಲ್ಲಿ ಹಿಟ್ಟಿನ ಮಿಷನ್. ಮುಂದೆ ಮಿಷನ್, ಹಿಂದೆ ಮನೆ, ನಡುವೆ ಅಂಗಳ. ರಸ್ತೆಯಿಂದ ಅಂಗಳಕ್ಕೂ, ಅಂಗಳದಿಂದ ಮಿಷನ್ನಿಗೂ ಇರುವುದು ಒಂದೇ ಓಣಿ, ಒಂದು ಎತ್ತು ಹೋಗುವಷ್ಟು ಅಗಲ. ಮನೆಯಲ್ಲಿ ನಾನು, ನಮ್ಮ ಯಜಮಾನರು, ನಮ್ಮ ಅತ್ತೆ, ಆಮೇಲೆ ಈ ಮೈದುನ. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಮೈದುನನೇ ಆಡುತ್ತಿದ್ದ. ಮಿಷನ್ ನಡೆಸುತ್ತಿದ್ದವನು ಅವನೇ. ಕಲ್ಲು ತಿರುಗುವ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಮಿಷನ್ ನಿಂತಾಗಲೂ ಕೂಗಿಯೇ ಮಾತಾಡುವನು. ಅವನು ಕಿವಿಯಲ್ಲಿ ಹೇಳಿದ ಗುಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿತ್ತು.

ಅವನು ಎಲ್ಲದರಲ್ಲೂ ಸಡಿಲ, ಕಲ್ಲಿನ ವಿಷಯದಲ್ಲಿ ಮಾತ್ರ ಬಿಗಿ. ಕಾಳಿಲ್ಲದೆ ಕಲ್ಲು ತಿರುಗಬಾರದು. ಕಲ್ಲು ಕಲ್ಲನ್ನೇ ತಿನ್ನುತ್ತದೆ, ಮಾರನೇ ದಿನದ ಹಿಟ್ಟಿನಲ್ಲಿ ಮರಳು ಸಿಗುತ್ತದೆ. ಒಂದು ಸಲ ನಮ್ಮ ಯಜಮಾನರು ಮಿಷನ್ ಹಾಕಿಟ್ಟು ಯಾರನ್ನೋ ಮಾತಾಡಿಸಲು ಹೋದರು ಅಂತ ಅಣ್ಣ ಎಂದೂ ನೋಡದೆ ಬೈದ. ಯಜಮಾನರು ಹೋಗಿ ಮಿಷನ್ ನಿಲ್ಲಿಸಿದರು. ಎದುರಾಡುವ ಪೈಕಿ ಅಲ್ಲ ಅವರು.

ನಾಯಿ ಬಂದದ್ದು ಎಮರ್ಜೆನ್ಸಿ ಮುಗಿದ ಮಾರನೇ ವರ್ಷವೋ ಏನೋ. ಮಿಷನ್ನಿನ ಬೆಲ್ಟು ಹರಿದಿತ್ತು. ಕುಣಿಗಲ್ಲಿನಲ್ಲಿ ಯಾರ ಹತ್ತಿರವೋ ಒಳ್ಳೆಯ ಬೆಲ್ಟು ಇದೆ ಎಂದು ಹೋದವನು ಸಂಜೆಗೆ ಬಂದ. ಟವಲಿನಲ್ಲಿ ಏನೋ ಸುತ್ತಿ ಎದೆಗೆ ಅವುಚಿಕೊಂಡಿದ್ದ. ಬೆಲ್ಟು ಇಷ್ಟು ದಪ್ಪ ಇರುತ್ತದಾ ಎಂದುಕೊಂಡೆ. ಬೆಲ್ಟು ಬಾಯಿ ತೆಗೆದು ಆಕಳಿಸಿತು.

ಅಲ್ಲಿ ಕುದುರೆ ಲಾಯದಲ್ಲಿ ಕೆಲಸ ಮಾಡುವ ಒಬ್ಬ ಮುದುಕ ಕೊಟ್ಟನಂತೆ. ಸಿಂಧ್ ದೇಶದ ತಳಿಯಂತೆ, ನವಾಬರು ಹುಲಿ ಬೇಟೆಗೆ ಸಾಕುತ್ತಿದ್ದರಂತೆ. ಬೆಲ್ಟು ಎಲ್ಲಿ ಎಂದು ನಾನು ಕೇಳಿದೆ. ಮರೆತು ಬಂದಿದ್ದ. ನಮ್ಮ ಅತ್ತೆ ಮರಿಯ ಕಿವಿ ಎತ್ತಿ ನೋಡಿದರು, ಕಾಲು ಎತ್ತಿ ನೋಡಿದರು. ಆಮೇಲೆ, "ತಂದಾಯ್ತಲ್ಲ, ಇನ್ನು ನಮ್ದು. ಒಂಚೂರು ಹಾಲು ಹಾಕ್ರೇ" ಅಂದರು.

ಈ ಮಾತನ್ನು ಅವರು ಹಿಂದೆಯೂ ಒಮ್ಮೆ ಹೇಳಿದ್ದರಂತೆ. ನಾನು ಆ ಮನೆಗೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮೊದಲು. ಕುಣಿಗಲ್ ಕಡೆ ತವರಿಗೆ ಹೋಗಿದ್ದವರು ವಾಪಸ್ಸು ಬರುವಾಗ ಕಂಕುಳಲ್ಲಿ ಒಂದು ಕೂಸು ಇತ್ತು. ಯಾರದು ಎಂದು ನಮ್ಮ ಮಾವ ಕೇಳಿದರು. "ತಂದಾಯ್ತಲ್ಲ, ಇನ್ನು ನಮ್ದು" ಅಂದರು ಅತ್ತೆ. ಮಾವ ಸಾಯುವ ತನಕ ಮತ್ತೆ ಕೇಳಲಿಲ್ಲ. ಆ ಕೂಸೇ ನಮ್ಮ ಮೈದುನ. ಊರಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಇಷ್ಟು ಹೇಳಿಯಾಯಿತು. ನಾಯಿಗೆ ಬರೋಣ.

ನಾಯಿ ಬೆಳೆಯಿತು. ಬೆಳೆಯಿತು ಅಂದರೆ ಸಾಲದು. ನಾಯಿಗಳು ಒಂದು ಮಟ್ಟಕ್ಕೆ ಬೆಳೆದು ನಿಲ್ಲುತ್ತವೆ. ಇದಕ್ಕೆ ಆ ವಿಷಯ ಯಾರೂ ಹೇಳಿರಲಿಲ್ಲ. ತಲೆ ಒರಳು ಕಲ್ಲಿನಷ್ಟು, ಕುತ್ತಿಗೆ ಕೆಳಗೆ ಚರ್ಮ ಮಡಿಕೆ ಮಡಿಕೆಯಾಗಿ ಜೋಲುವುದು, ನಡೆದರೆ ನೆಲ ಗುದ್ದಿದ ಹಾಗೆ. ಬಿದರೆಹಳ್ಳಿ ಕಾವಲಿನಲ್ಲಿ, ಈಗ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದಿದೆಯಲ್ಲ ಅಲ್ಲಿ, ಆಗ ಬರೀ ದನ ಮೇಯುವ ಜಾಗ. ಅಲ್ಲಿಗೆ ಅದನ್ನು ತಿರುಗಾಡಿಸಲು ಕರೆದುಕೊಂಡು ಹೋಗುವನು. ಒಬ್ಬ ದನ ಕಾಯುವ ಹೆಂಗಸು ದೂರದಿಂದ ನೋಡಿ, ಕರುವಿಗೆ ಹಗ್ಗ ಹಾಕದೆ ಬಿಟ್ಟಿದ್ದೀಯಲ್ಲ ಎಂದು ಇವನಿಗೆ ಬುದ್ಧಿ ಹೇಳಿದಳು. ಹತ್ತಿರ ಬಂದು ನೋಡಿದ ಮೇಲೆ ತನ್ನ ದನ ಬಿಟ್ಟು ತಾನೇ ಓಡಿದಳು.

ನಾಯಿಗೆ ಮುದ್ದೆ ಕಟ್ಟುವವಳು ನಾನು. ಮೈದುನ ಅದಕ್ಕೆ ನವಾಬರ ನಾಯಿ ಎಂದು ಹೆಸರು ಹಚ್ಚಿದ, ಸರಿ, ಆದರೆ ನವಾಬರು ನಮ್ಮ ಮನೆಗೆ ಮಾಂಸ ಕಳಿಸುತ್ತಿರಲಿಲ್ಲವಲ್ಲ. ರಾಗಿ ಮುದ್ದೆ, ಹುರುಳಿ ಸಾರು. ಮುದ್ದೆಯನ್ನು ಅದು ಅಗಿಯುತ್ತಿರಲಿಲ್ಲ, ಗುಳುಂ ಎಂದು ನುಂಗುತ್ತಿತ್ತು. ಅದನ್ನು ನೋಡಿದ ದಿನವೇ ನಮ್ಮ ಅತ್ತೆ ತೀರ್ಪು ಕೊಟ್ಟರು. ಹೊರಗಿನ ಸೀಮೆಯವರು ಮುದ್ದೆ ಅಗಿಯುತ್ತಾರೆ. ನುಂಗುವವರು ನಮ್ಮವರು. ಈ ನಾಯಿ ನಮ್ಮ ಕಡೆಯದೇ, ಸಿಂಧೂ ಇಲ್ಲ ಗಿಂಧೂ ಇಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಇವತ್ತಿನ ತನಕ ಕೇಳಿಲ್ಲ. ಮೈದುನ ಒಪ್ಪಲಿಲ್ಲ.

ಅದಕ್ಕೆ ಹೆಸರನ್ನೂ ಇಡಲಿಲ್ಲ. ಕೇಳಿದರೆ, "ಮೂಲ ಗೊತ್ತಾಗ್ದೆ ಹೆಸ್ರು ಹೆಂಗಿಡದು ಅತ್ಗೆ? ಸಿಂಧ್‌ದಾದ್ರೆ ಒಂದು ಹೆಸ್ರು, ತಂಜಾವೂರ್‌ದಾದ್ರೆ ಒಂದು ಹೆಸ್ರು" ಅನ್ನುವನು. ತಂಜಾವೂರಿನ ವಿಷಯ ಎತ್ತಿದ್ದು ನಮ್ಮೂರ ರೈಲ್ವೆ ಸ್ಟೇಷನ್ನಿನಲ್ಲಿದ್ದ ಒಬ್ಬ ತಮಿಳಿನವರು. ಹಿಟ್ಟು ಹಾಕಿಸಲು ಬಂದವರು ನಾಯಿ ನೋಡಿ ಕೈ ಮುಗಿದರು. ತಮ್ಮ ಕಡೆ ದೇವಸ್ಥಾನದ ಗೋಡೆ ಮೇಲೆ ಇದೇ ನಾಯಿಯನ್ನು ಕೆತ್ತಿದ್ದಾರೆ, ಇದು ಚೋಳರ ಕಾಲದ್ದು ಎಂದರು. ಅವರು ಬಂದಾಗಲೆಲ್ಲ ಅದನ್ನು ಒಂದು ತಮಿಳು ಹೆಸರಿನಿಂದ ಕರೆಯುವರು. ಸಂತೆಗೆ ಬರುವ ಬಳೆಗಾರ, ಇದು ಸುಲ್ತಾನರ ಕಾಲದಲ್ಲಿ ಕುದುರೆಗಳ ಜೊತೆ ಕುಣಿಗಲ್ಲಿಗೆ ಬಂದ ಜಾತಿ ಎಂದು ಅವನದೇ ಒಂದು ಹೆಸರು ಇಟ್ಟ. ಅತ್ತೆ ಬೂದ ಅನ್ನುತ್ತಿದ್ದರು. ನಾನು ಲೇ ಅನ್ನುತ್ತಿದ್ದೆ. ಅದು ಎಲ್ಲದಕ್ಕೂ ಬಾಲ ಆಡಿಸುತ್ತಿತ್ತು. ಮನುಷ್ಯರಿಗೆ ಇರುವ ತಕರಾರು ಅದಕ್ಕೆ ಇರಲಿಲ್ಲ.

ಮೈದುನನ ದೊಡ್ಡ ಸಾಕ್ಷಿ ಬಣ್ಣ. ಸಿಂಧ್ ಕಡೆಯ ನಾಯಿ ಹಾಲಿನ ಹಾಗೆ ಬೆಳ್ಳಗೆ, ನಮ್ಮ ನಾಯಿಯೂ ಬೆಳ್ಳಗೆ, ಮುಗಿಯಿತಲ್ಲ? ಬೆಳಗಿನಿಂದ ಸಂಜೆ ತನಕ ಹಿಟ್ಟಿನ ಮಿಷನ್ನಿನಲ್ಲಿ ಮಲಗುವ ನಾಯಿ ಇನ್ನು ಯಾವ ಬಣ್ಣ ಇರುತ್ತದೆ? ನಾನು ಈ ಮಾತು ಹೇಳಿದರೆ, ನಿಮಗೆ ತಿಳಿಯೋದಿಲ್ಲ ಅತ್ಗೆ ಅನ್ನುವನು. ಒಂದು ದಿನ ಅದು ಎಮ್ಮೆಗಳ ಹಿಂದೆ ಗುಬ್ಬಿ ಕೆರೆಗೆ ಇಳಿಯಿತು. ಮೇಲೆ ಬಂದಾಗ ಬೇರೆ ನಾಯಿ. ಬೂದಿ ಬಣ್ಣ, ಮೈಮೇಲೆ ಕಂದು ಪಟ್ಟೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕ ನಗೆಗೆ ಕೊಕ್ಕರೆ ಎದ್ದವು. ಮೈದುನ ಅದರ ಬೆನ್ನು ಸವರಿ ನೋಡಿದ. ಆಮೇಲೆ, ಸಿಂಧಿನಲ್ಲಿ ಪಟ್ಟೆ ಇರುವವನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದರು ಎಂದ. ಸಾಕ್ಷಿ ಸತ್ತ ಜಾಗದಲ್ಲೇ ಇನ್ನೊಂದು ಸಾಕ್ಷಿ ಹುಟ್ಟುತ್ತಿತ್ತು ಅವನಿಗೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಬ್ಬ ರಿಟೈರ್ ಆದ ಸುಬೇದಾರರು ಇದ್ದರು. ನಾಯಿಗಳ ವಿಷಯ ಅವರಿಗೆ ಗೊತ್ತಿರುವಷ್ಟು ಜಿಲ್ಲೆಯಲ್ಲೇ ಯಾರಿಗೂ ಗೊತ್ತಿಲ್ಲ ಎಂದು ಅವರೇ ಹೇಳುತ್ತಿದ್ದರಂತೆ. ಅವರಿಗೆ ತೋರಿಸಬೇಕೆಂದು ಮೈದುನ ಹೊರಟ. ನಾಯಿ ಜೊತೆ ಮಾತಾಡುತ್ತ ಅವನು ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುವುದಿಲ್ಲ, ನೀನೂ ಹೋಗು ಎಂದು ಅತ್ತೆ ನನ್ನನ್ನು ಕಳಿಸಿದರು. ಬಸ್ಸಿನವರು ಹತ್ತಿಸಲಿಲ್ಲ. ಕೊಬ್ಬರಿ ಲಾರಿಯಲ್ಲಿ ಹೋದೆವು. ನಾನು ಡ್ರೈವರ್ ಪಕ್ಕ, ಅವರಿಬ್ಬರೂ ಹಿಂದೆ ಮೂಟೆಗಳ ಮೇಲೆ. ಕೆಳಗಿನಿಂದ ನೋಡಿದವರಿಗೆ ಇಬ್ಬರು ಗಂಡಸರು ಕೂತ ಹಾಗೆ ಕಾಣುತ್ತಿತ್ತು.

ಸುಬೇದಾರರು ಬಟ್ಟೆ ಅಳೆಯುವ ಟೇಪು ತಂದು ನಾಯಿಯ ತಲೆ ಅಳೆದರು, ಎದೆ ಅಳೆದರು, ಮೂತಿ ಅಳೆದರು. ದರ್ಜಿ ಕೂಡ ಅಷ್ಟು ಅಳೆಯುವುದಿಲ್ಲ. ಕೊನೆಗೆ ಇದು ಇಂಗ್ಲಿಷಿನವರ ನಾಯಿ ಎಂದರು. ಅವರ ಪಲ್ಟನ್ನುಗಳ ಜೊತೆ ಬಂದದ್ದು, ಇಲ್ಲಿಯ ಬೀದಿನಾಯಿ ಜೊತೆ ಬೆರೆತದ್ದು. ಮೈದುನ ಎದ್ದು ನಿಂತ. ಇಂಗ್ಲಿಷಿನವರು ಹುಟ್ಟುವುದಕ್ಕೆ ಮೊದಲೇ ಈ ಜಾತಿ ಇತ್ತು, ಯುದ್ಧಕ್ಕೆ ಹೋಗುತ್ತಿತ್ತು, ಆನೆಯನ್ನು ತಡೆದು ನಿಲ್ಲಿಸುತ್ತಿತ್ತು ಎಂದ. ಕೂಗಿದ ಅಂತ ಬೇರೆ ಹೇಳಬೇಕಾಗಿಲ್ಲ. ಪಕ್ಕದ ಮನೆಗಳವರು ಜಗಳವೆಂದು ಹೊರಗೆ ಬಂದರು. ಆ ಹೊತ್ತಿಗೆ ಸುಬೇದಾರರ ಬೆಕ್ಕು ಒಳಗಿನಿಂದ ಬಂದು, ಮಲಗಿದ್ದ ನಾಯಿಯ ಮೂತಿಗೆ ಒಂದು ಬಾರಿಸಿತು. ಆನೆಯನ್ನು ತಡೆಯುವ ಜಾತಿ ಕಿರುಚಿಕೊಂಡು ಬೆಂಚಿನ ಕೆಳಗೆ ನುಗ್ಗಿತು. ಬೆಂಚು ಚಿಕ್ಕದು. ಬೆಂಚನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೇಟಿನ ತನಕ ಹೋಯಿತು.

ಸುಬೇದಾರರು ಬೆಕ್ಕನ್ನು ಎತ್ತಿಕೊಂಡು, "ಓಡೋ ಸ್ಟೈಲ್ ನೋಡಿದ್ರೆ ಡೌಟೇ ಇಲ್ಲ ಕಣಯ್ಯ. ಇಂಗ್ಲಿಷಿನೋರೇ. ಅವ್ರೂ ಹಿಂಗೇ ಮನೆ ಸಾಮಾನು ಸಮೇತ ಹೋಗಿದ್ದು" ಅಂದರು.

ನನಗೂ ನಗು ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಸುಬೇದಾರರಿಗೆ ಗುಬ್ಬಿಯಲ್ಲಿ ನೆಂಟರಿದ್ದರು, ನಮ್ಮ ಮನೆಯ ವಿಷಯ ಗೊತ್ತಿತ್ತು. ನಾಯಿಯ ಮೂಲ ಹುಡುಕುತ್ತ ಇಷ್ಟು ದೂರ ಬಂದಿದ್ದೀಯಲ್ಲ, ನಿನ್ನದನ್ನು ಹುಡುಕಿದೆಯಾ ಎಂದು ಕೇಳಿಬಿಟ್ಟರು. ನಗುತ್ತಲೇ ಕೇಳಿದರು. ಮೈದುನ ಬೆಂಚನ್ನು ತಂದು ಇದ್ದ ಜಾಗದಲ್ಲಿ ಇಟ್ಟ, ನೆಟ್ಟಗಿದೆಯಾ ಎಂದು ನೋಡಿದ, ಬರ್ತೀನಿ ಸಾರ್ ಎಂದ. ವಾಪಸ್ಸು ಬರುವಾಗ ಲಾರಿಯ ಹಿಂದಿನಿಂದ ಒಂದು ಮಾತೂ ಕೇಳಲಿಲ್ಲ. ಹಿಂದಿದ್ದವರು ಬಿದ್ದುಹೋದರೋ ಏನೋ ಎಂದು ಡ್ರೈವರ್ ಒಮ್ಮೆ ಗಾಡಿ ನಿಲ್ಲಿಸಿ ನೋಡಿದ.

ಆಮೇಲೆ ಕುಣಿಗಲ್ಲಿಗೆ ಹೋಗಿ ಲಾಯದ ಮುದುಕನನ್ನೇ ಹಿಡಿದ. ಮುದುಕ ಮೊದಲು ಸಿಂಧ್ ಎಂದಿದ್ದವನು ಈಗ ಎಲ್ಲಿಯದೋ ನೆನಪಿಲ್ಲ ಎಂದ. ಒತ್ತಿ ಕೇಳಿದ್ದಕ್ಕೆ, ಕುದುರೆಯದು ಕೇಳಿ ಸ್ವಾಮಿ, ಅಪ್ಪ ಯಾರು ತಾಯಿ ಯಾರು ಲಾಯದ ಬೋರ್ಡಿನಲ್ಲೇ ಬರೆದು ತಗುಲಿ ಹಾಕಿದ್ದಾರೆ, ನಾಯಿ ಹುಲ್ಲಿನ ಮೆದೆ ಹಿಂದೆ ಹುಟ್ಟಿತು, ಅಷ್ಟೇ ಗೊತ್ತು ಎಂದನಂತೆ. ಇದನ್ನು ಮೈದುನ ಬಂದು ನಮಗೆ ಹೇಳಿದ. ಜೊತೆಗೆ ಆ ಬೋರ್ಡಿನಲ್ಲಿದ್ದ ಒಂದು ಕುದುರೆಯ ಅಪ್ಪನ ಹೆಸರು, ತಾತನ ಹೆಸರು, ತಾಯಿಯ ಹೆಸರು ಎಲ್ಲವನ್ನೂ ತಪ್ಪಿಲ್ಲದೆ ಹೇಳಿದ. ಇವನು ಕುದುರೆಯ ಮನೆತನ ಕಟ್ಟಿಕೊಂಡು ಏನು ಮಾಡುತ್ತಾನೆ ಎಂದುಕೊಂಡೆ. ಬಹಳ ದಿನ ಅವನಿಗೆ ಅದು ಬಾಯಿಗೆ ಬರುತ್ತಿತ್ತು. ಹಿಟ್ಟು ಜರಡಿ ಹಿಡಿಯುವಾಗ ಹೇಳಿಕೊಳ್ಳುತ್ತಿದ್ದ.

ಇಷ್ಟರಲ್ಲಿ ಅವನಿಗೆ ಮೂವತ್ತು ದಾಟಿತ್ತು. ಹೆಣ್ಣು ಕೊಡುವವರು ಬರುವರು, ಮಿಷನ್ ನೋಡುವರು, ಮನೆ ನೋಡುವರು, ನಾಯಿ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುವರು. ಆಮೇಲೆ ಊರಿನಲ್ಲಿ ಯಾರನ್ನೋ ವಿಚಾರಿಸಿ ಪೂರ್ತಿ ಹಿಂದೆ ಸರಿಯುವರು. ಅದಕ್ಕೆ ನಾಯಿ ಕಾರಣ ಅಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮೈದುನ ಮಾತ್ರ ನಾಯಿಯದೇ ಕಾರಣ ಎಂದು ಕೂಗಿ ಹೇಳುತ್ತಿದ್ದ. ನಾವೂ ಹೌದು ಹೌದು ಎನ್ನುತ್ತಿದ್ದೆವು.

ಊರ್ಡಿಗೆರೆಯಲ್ಲಿ ಒಂದು ಹೆಣ್ಣು ಬಂತು. ನಾವೇ ಹೋದೆವು. ಹೆಣ್ಣಿನ ತಂದೆ ಹೊಲ ತೋಟ ಇದ್ದ ಗೌಡರು, ಗಟ್ಟಿ ಮನುಷ್ಯ, ಸುತ್ತಿ ಬಳಸಿ ಮಾತಾಡುವವರಲ್ಲ. ಉಪ್ಪಿಟ್ಟು ತಿಂದಾದ ಮೇಲೆ ನಿಮ್ಮ ಮೂಲ ಹೇಳಿ ಎಂದು ಹುಡುಗನನ್ನೇ ಕೇಳಿದರು. ನಮ್ಮ ಯಜಮಾನರು ಬಾಯಿ ತೆಗೆಯುವುದರೊಳಗೆ ಮೈದುನ ಶುರು ಮಾಡಿದ. ಸಿಂಧ್ ದೇಶ, ನವಾಬರು, ಚೋಳರು, ಪಲ್ಟನ್ನು, ಕುದುರೆ ಲಾಯ, ಹುಲ್ಲಿನ ಮೆದೆ. ಪಟ್ಟೆಯ ವಿಷಯ ಎರಡು ಸಲ ಬಂತು. ಗೌಡರು ಕೈಯಲ್ಲಿ ಲೋಟ ಹಿಡಿದುಕೊಂಡೇ ಕೇಳಿದರು. ಅವನು ಮುಗಿಸಿದ ಮೇಲೆ ನಮ್ಮ ಯಜಮಾನರ ಕಡೆ ತಿರುಗಿ, "ಅಲ್ಲ ಸ್ವಾಮಿ, ಹುಡುಗನ್ ಮೂಲ ಕೇಳಿದ್ರೆ ನಾಯಿ ಮೂಲ ಹೇಳ್ತಾವ್ನಲ್ಲ" ಅಂದರು.

ಒಳಗೆ ಬಾಗಿಲ ಹಿಂದೆ ಹುಡುಗಿ ಜೋರಾಗಿ ನಕ್ಕಳು. ಹೆಣ್ಣು ನೋಡಲು ಬಂದ ದಿನ ಹಾಗೆ ನಗುವವಳನ್ನು ನಾನು ಮೊದಲ ಸಲ ನೋಡಿದ್ದು. ಮೈದುನನ ಕಿವಿ ಕೆಂಪಾಯಿತು. ನನಗೆ ಹುಡುಗಿ ಹಿಡಿಸಿದಳು.

ಗೌಡರಿಗೂ ಹುಡುಗ ಹಿಡಿಸಿದ್ದ, ಅದು ಮುಖದಲ್ಲಿ ಕಾಣುತ್ತಿತ್ತು. ಆದರೆ ನಾಲ್ಕು ಜನ ಕೇಳುತ್ತಾರಲ್ಲ. ಅವರು ಒಂದು ದಾರಿ ಹೇಳಿದರು. ನಮ್ಮ ಎರಡೂ ಮನೆಗೆ ಬರುವ ಹೆಳವ ಒಬ್ಬನೇ. ಹೆಳವರು ಅಂದರೆ ಈಗಿನವರಿಗೆ ಗೊತ್ತೋ ಇಲ್ಲವೋ. ಮೂರು ನಾಲ್ಕು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಾರೆ. ಎತ್ತಿನಿಂದ ಇಳಿಯುವ ಪದ್ಧತಿ ಇಲ್ಲ. ಅಂಗಳದಲ್ಲಿ ನಿಂತು ಆ ಮನೆಯ ವಂಶವನ್ನು ಮೂಲಪುರುಷನಿಂದ ಹಿಡಿದು ಹೇಳುತ್ತಾರೆ. ಎಲ್ಲಿಂದ ಬಂದರು, ಯಾರ ಮಗ ಯಾರು. ನಾವು ಮೊರದಲ್ಲಿ ಕಾಳು ಕೊಡಬೇಕು. ಹೆಳವನ ಬಾಯಲ್ಲಿ ಬಂದ ಹೆಸರು ವಂಶದ್ದು, ಬರದಿದ್ದದ್ದು ಇಲ್ಲ, ಹೀಗೆ ನಮ್ಮ ಕಡೆ. ಈ ಸಲ ಹೆಳವ ನಿಮ್ಮ ಮನೆಗೆ ಬಂದಾಗ ನಾನೂ ಬಂದು ಕೇಳುತ್ತೇನೆ, ಹುಡುಗನ ಹೆಸರು ಹೇಳಿದರೆ ಹೆಣ್ಣು ಕೊಡುತ್ತೇನೆ, ಆಮೇಲೆ ಯಾರು ಏನು ಅಂದರೂ ನಾನು ನೋಡಿಕೊಳ್ಳುತ್ತೇನೆ ಎಂದರು ಗೌಡರು.

ಮನೆಗೆ ಬಂದ ಮೇಲೆ ಎಲ್ಲರಿಗೂ ಚಿಂತೆ ಹತ್ತಿತು. ಯಾಕೆಂದರೆ ನಾನು ಆ ಮನೆಗೆ ಬಂದ ಮೇಲೆ ಹೆಳವ ಬಂದಾಗಲೆಲ್ಲ ಕೇಳಿದ್ದೇನೆ. ಮೂಲಪುರುಷ ಬರುತ್ತಾನೆ, ನಮ್ಮ ಮಾವ ಬರುತ್ತಾರೆ, ನಮ್ಮ ಯಜಮಾನರು ಬರುತ್ತಾರೆ, ಅಲ್ಲಿಗೆ ಹೆಳವ ನಿಲ್ಲಿಸಿ ಮೊರದ ಕಡೆ ನೋಡುತ್ತಾನೆ. ಮೈದುನನ ಹೆಸರು ಒಂದು ಸಲವೂ ಬಂದಿಲ್ಲ. ಓಣಿಯ ತುದಿಯಲ್ಲಿ ಗಂಟೆ ಕೇಳಿದ ಕೂಡಲೇ ಮೈದುನ ಮಿಷನ್ನಿಗೆ ಓಡುತ್ತಿದ್ದ. ಕಾಳು ಹಾಕಿ ಜೋರಾಗಿ ಓಡಿಸುತ್ತಿದ್ದ. ಹೆಳವ ಹೋಗುವ ತನಕ ಆ ಕಡೆ ಏನೂ ಕೇಳುವ ಹಾಗಿಲ್ಲ.

ನಾನು ಅತ್ತೆಗೆ ಹೇಳಿದೆ, ಮೊದಲೇ ಹೆಳವನಿಗೆ ಒಂದು ಮಾತು ಹೇಳಿಸಬಹುದಲ್ಲ, ಒಂದು ಮೊರ ಹೆಚ್ಚು ಕೊಟ್ಟರಾಯಿತು ಎಂದು. ಅತ್ತೆ ನನ್ನನ್ನು ನೋಡಿದರು. "ಕೇಳಿ ಹೇಳಿಸ್ಕಂಡ್ರೆ ಅದು ಹೆಸ್ರೇನೇ? ನನ್ ಮಗಂಗೆ ನಾನು ಲಂಚ ಕೊಟ್ಟು ಹೆಸ್ರು ತರ್ಬೇಕಾ?" ಅಂದರು. ನಾನು ಮುದ್ದೆ ತೊಳಸಲು ಎದ್ದೆ.

ಹೆಳವ ಬಂದದ್ದು ಆ ವರ್ಷ ಸುಗ್ಗಿ ಕಳೆದ ಮೇಲೆ. ಊರ್ಡಿಗೆರೆ ಮುಗಿಸಿಕೊಂಡು ಬಂದಿದ್ದರಿಂದ ಗೌಡರಿಗೂ ಸುದ್ದಿ ಸಿಕ್ಕಿತ್ತು, ಬೆಳಗಿನ ಬಸ್ಸಿಗೇ ಬಂದು ನಮ್ಮ ಜಗಲಿ ಮೇಲೆ ಟವಲು ಹಾಸಿಕೊಂಡು ಕೂತಿದ್ದರು. ಅವತ್ತು ಲೈನ್ ರಿಪೇರಿಗೆ ಕರೆಂಟಿನವರು ಬರುತ್ತಾರೆಂದು ಮಿಷನ್ನಿಗೆ ಯಾರೂ ಕಾಳು ತಂದಿರಲಿಲ್ಲ; ಕೊನೆಗೆ ಅವರು ಬರಲೇ ಇಲ್ಲ. ಮೈದುನ ಅಂಗಳದಲ್ಲಿ ನಿಂತು ಗೌಡರಿಗೆ ನಾಯಿಯ ಹಲ್ಲು ತೋರಿಸುತ್ತಿದ್ದ. ಗಂಟೆ ಕೇಳಿತು. ಅವನು ಮಾತು ಅರ್ಧಕ್ಕೆ ಬಿಟ್ಟು ಓಣಿಯ ಕಡೆ ತಿರುಗಿದ.

ಆದರೆ ಅವನಿಗಿಂತ ಮೊದಲು ನಾಯಿ ಓಣಿಗೆ ಹೋಗಿತ್ತು. ಯಾರು ಬಂದರೆಂದು ನೋಡಲು ಹೋದದ್ದು, ಓಣಿಯ ಬಾಯಲ್ಲಿ ನೆರಳು ಕಂಡು, ಹೋದ ಕೆಲಸ ಮರೆತು, ಅಡ್ಡ ಮಲಗಿಬಿಟ್ಟಿತು. ಅತ್ತಲಿಂದ ಎತ್ತು ಬಂದು ಅದರ ಮೂತಿಯ ಮುಂದೆ ನಿಂತಿತು. ಎತ್ತು ದಾಟುವುದಿಲ್ಲ, ನಾಯಿ ಏಳುವುದಿಲ್ಲ, ಹೆಳವ ಇಳಿಯುವ ಹಾಗಿಲ್ಲ. ಮೈದುನ ನುಸುಳಿ ಹೋಗಲು ನೋಡಿದ, ಜಾಗ ಎಲ್ಲಿದೆ? ಎತ್ತಿನ ಕೊಂಬು ಆ ಗೋಡೆಗೆ, ಹೊಟ್ಟೆ ಈ ಗೋಡೆಗೆ. ನಾಯಿ ಒಮ್ಮೆ ಕಣ್ಣು ಬಿಟ್ಟು, ಎತ್ತಿನ ಮೂಗು ನೆಕ್ಕಿ, ಮತ್ತೆ ಕಣ್ಣು ಮುಚ್ಚಿತು. ಹುಲಿ ಬೇಟೆಯ ನಾಯಿ ಅವತ್ತು ಮಾಡಿದ ಕೆಲಸ ಇಷ್ಟೇ.

ಎಲ್ಲರೂ ಇದ್ದಲ್ಲೇ ನಿಂತೆವು. ಅತ್ತೆ ಬಾಗಿಲಲ್ಲಿ ರಾಗಿಯ ಮೊರ ಹಿಡಿದಿದ್ದರು. ಯಜಮಾನರು ಕಂಬಕ್ಕೆ ಒರಗಿದ್ದರು. ಗೌಡರು ಜಗಲಿಯಿಂದ ಎದ್ದು ಬಂದಿದ್ದರು. ಮೈದುನ ಅಂಗಳದ ಅಂಚಿನಲ್ಲಿ, ನಾಯಿಯ ಈಚೆ, ಎತ್ತಿನ ಎದುರಿಗೆ. ಓಡಲು ದಾರಿಯಿಲ್ಲ. ಸುಮ್ಮನೆ ನಿಲ್ಲಲು ಅವನಿಗೆ ಬರುವುದಿಲ್ಲ.

"ಹೆಳವಪ್ಪಾ," ಎಂದು ಕೂಗಿದ, "ಈ ಮನೆ ವಂಶ ಎಲ್ಲಾರ್ಗೂ ಗೊತ್ತಿರದೇ. ಅದು ಬುಡು. ಈ ನಾಯಿ ವಂಶ ಹೇಳು ನೋಡನ. ಸಿಂಧಾ, ತಂಜಾವೂರಾ, ಇಂಗ್ಲೆಂಡಾ?"

ಗೌಡರು ನಗಲಿಲ್ಲ. ಹೆಳವ ಮೇಲಿನಿಂದ ನಾಯಿಯನ್ನು ನೋಡಿದ. ವಯಸ್ಸಾದವನು, ಕಣ್ಣಿಗೆ ಪೊರೆ ಬಂದಿತ್ತು. ಆಮೇಲೆ ಬಾಗಿಲಲ್ಲಿದ್ದ ನಮ್ಮ ಅತ್ತೆಯನ್ನು ನೋಡಿದ. ಅತ್ತೆ ಒಂದು ಸನ್ನೆಯನ್ನೂ ಮಾಡಲಿಲ್ಲ. ಅವರ ಮುಖದಲ್ಲಿ ಏನೂ ಇರಲಿಲ್ಲ ಕೂಡ, ನಾನು ನೋಡಿದ್ದೇನೆ. ಮೊರ ಮಾತ್ರ ನೆಟ್ಟಗೆ ಹಿಡಿದಿದ್ದರು.

"ಹೇಳಣ ಸ್ವಾಮಿ," ಅಂದ ಹೆಳವ, "ಆದ್ರೆ ಬುಡದಿಂದ ಬರ್ಬೇಕಲ್ಲ. ಒಡೆಯರ್ನ ಬುಟ್ಟು ನಾಯಿದು ಹೇಳಕಾಯ್ತದಾ?"

ಪೇಟ ಸರಿಮಾಡಿಕೊಂಡು ಗಂಟೆ ಅಲ್ಲಾಡಿಸಿದ. ರಾಗ ಎಳೆದು ಹೇಳತೊಡಗಿದ. ಮೂಡಲಿಂದ ಬಂದವರು, ಮುಳ್ಳು ಕಡಿದು ಊರು ಕಟ್ಟಿದವರು, ಕಲ್ಲು ಕಡೆದು ಕಾಳು ಬೀಸಿದವರು. ಇಂಥವನ ಮಗ ಇಂಥವನು, ಅವನ ಮಗ ಇಂಥವನು. ನಮ್ಮ ಮಾವನ ಹೆಸರು ಬಂತು. ಅವರ ಹಿರೀ ಮಗ ಎಂದು ನಮ್ಮ ಯಜಮಾನರ ಹೆಸರು ಬಂತು. ಇಲ್ಲಿಗೇ ಯಾವಾಗಲೂ ನಿಲ್ಲುವುದು. ಮೈದುನ ಬಗ್ಗಿ ನಾಯಿಯ ಕುತ್ತಿಗೆಗೆ ಅಂಟಿದ್ದ ಹುಲ್ಲಿನ ಕಡ್ಡಿ ತೆಗೆಯುತ್ತಿದ್ದ.

ಹೆಳವ ಉಸಿರು ತೆಗೆದುಕೊಂಡು, ಅವರ ಕಿರೀ ಮಗ ಎಂದ. ಹೆಸರು ಹೇಳಿದ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವತ್ತು ಅಲ್ಲಿ ಎಲ್ಲರಿಗೂ ಕೇಳುವಂತೆ ಬಂತು, ಅಷ್ಟು ಸಾಕು.

ರಾಗ ನಿಲ್ಲಿಸದೆ ಮುಂದುವರಿಸಿದ. ಅವರ ಅಂಗಳದ ನಾಯಿ, ಕುಣಿಗಲ್ ರಸ್ತೇಲಿ ಬಂದದ್ದು, ಹಿಂದಿಂದು ಗೊತ್ತಿಲ್ಲ, ಮುಂದಿಂದು ಈ ಮನೇದು. ಗಂಟೆ ಅಲ್ಲಾಡಿಸಿ ಮುಗಿಸಿದ. ನಾಯಿಯ ತವರಿನ ಜಗಳ ಅಲ್ಲಿಗೂ ಬಗೆಹರಿಯಲಿಲ್ಲ, ನೋಡಿ.

ಗೌಡರು ಲೆಕ್ಕಕ್ಕೆ ಸಿಗದ್ದನ್ನು ಬಿಡುವವರಲ್ಲ. ಹೋದ ಸಲ, ಅದರ ಹಿಂದಿನ ಸಲ, ಈ ಹೆಸರು ಬಂದಿರಲಿಲ್ಲವಂತಲ್ಲ, ಈಗ ನಾಯಿಗೆ ಹೆದರಿ ಹೇಳಿದೆಯಾ ಎಂದು ಕೇಳಿಯೇ ಕೇಳಿದರು.

ಹೆಳವನಿಗೆ ಸಿಟ್ಟು ಬಂತು. "ಸತ್ತೋರ್ ಹೆಸ್ರು ಬಾಯಿಪಾಠ ಗೌಡ್ರೇ. ಇರೋರ್ ಹೆಸ್ರು ಮುಖ ನೋಡಿ ಹೇಳದು, ಅಂಗಳದಲ್ಲಿ ನಿಂತಿರ್ಬೇಕು. ಇವ್ರು ನಾನ್ ಬಂದಾಗ್ಲೆಲ್ಲ ಮಿಷನ್ಗೆ ಓಡೋಗ್ಬುಟ್ರೆ ನಾನ್ಯಾರ್ ಮುಖ ನೋಡ್ಲಿ?"

ಹೀಗೊಂದು ಪದ್ಧತಿ ನಿಜವಾಗಿಯೂ ಇತ್ತೋ, ಎತ್ತಿನ ಮೇಲೆ ಕೂತಲ್ಲೇ ಆ ಮುದುಕನಿಗೆ ಹೊಳೆಯಿತೋ, ನನಗೆ ಗೊತ್ತಿಲ್ಲ. ನಾನೂ ಪ್ರತಿ ಸಲ ಅಂಗಳದಲ್ಲೇ ನಿಂತಿದ್ದವಳು, ನನ್ನ ಹೆಸರೇನೂ ಹೇಳಲಿಲ್ಲ. ಹೆಂಗಸರ ಹೆಸರು ಹೆಳವನಿಗೆ ಬೇಕಿಲ್ಲ, ಹೆಂಗಸರ ಕೈಯ ಮೊರ ಬೇಕು. ಇರಲಿ. ಆದರೆ ಅದು ನಿಜವೇ ಆಗಿದ್ದರೆ ನೋಡಿ ಹೇಗಿದೆ: ಹೆಸರು ಬರುವುದಿಲ್ಲವೆಂದು ಇವನು ಓಡುತ್ತಿದ್ದ, ಇವನು ಓಡುತ್ತಿದ್ದನೆಂದು ಹೆಸರು ಬರುತ್ತಿರಲಿಲ್ಲ. ಒಂದು ದಿನ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಅದಕ್ಕೆ ಓಣಿಗೆ ಅಡ್ಡ ಒಂದು ನಾಯಿ ಮಲಗಬೇಕಾಯಿತು.

ಅತ್ತೆ ಹೋಗಿ ಹೆಳವನ ಚೀಲಕ್ಕೆ ರಾಗಿ ಸುರಿದರು. ಒಳಗೆ ಹೋಗಿ ಇನ್ನೊಂದು ಮೊರ ತಂದರು. ಇದು ಯಾಕವ್ವ ಎಂದ ಹೆಳವ. "ಅದು ನಾಯಿದು" ಅಂದರು ಅತ್ತೆ.

ನಾಯಿಯನ್ನು ಎಬ್ಬಿಸಲು ಮುದ್ದೆ ತೋರಿಸಬೇಕಾಯಿತು. ಹೆಳವ ಹೋದ. ಗೌಡರು ಮಜ್ಜಿಗೆ ಕುಡಿದು, ಯುಗಾದಿ ಕಳೆಯಲಿ, ಮುಂದಿನ ಮಾತು ಆಡೋಣ ಎಂದು ಹೋದರು. ಆ ನಗುವ ಹುಡುಗಿ ನನ್ನ ಓರಗಿತ್ತಿಯಾಗಿ ಬಂದಳು. ಈಗ ನಾವು ತುಮಕೂರಿಗೆ ಬಂದು ಅದೇ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದ್ದೇವೆ, ಅವಳು ಗುಬ್ಬಿಯಲ್ಲಿ ನಕ್ಕರೆ ಇಲ್ಲಿಗೆ ಕೇಳಬೇಕು. ಅದು ಬೇರೆ ಕಥೆ.

ಅವತ್ತು ಮೈದುನ ಗೌಡರನ್ನು ಬಸ್ಸಿಗೆ ಬಿಡಲೂ ಹೋಗಲಿಲ್ಲ. ನಾವು ಲೋಟ ತೆಗೆದಿಡುತ್ತಿದ್ದಾಗ ಮಿಷನ್ ಶುರುವಾದ ಸದ್ದು ಕೇಳಿತು. ಕಾಳಿರುವ ಕಲ್ಲಿನ ಸದ್ದು ಬೇರೆ, ಬರೀ ಕಲ್ಲಿನ ಸದ್ದು ಬೇರೆ, ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಾಗುತ್ತದೆ. ಇದು ಬರೀ ಕಲ್ಲು. ಕಲ್ಲು ಕಲ್ಲನ್ನು ತಿನ್ನುತ್ತಿತ್ತು, ನಿಲ್ಲುತ್ತಿರಲಿಲ್ಲ. ಯಜಮಾನರು ಏಳಲು ಹೋದರು. ಅತ್ತೆ ಬೇಡ ಎಂದು ಕೈಯಾಡಿಸಿ, ನನ್ನ ಕಡೆ ನೋಡಿದರು.

ನಾನು ಡಬ್ಬದಿಂದ ಒಂದು ಸೇರು ರಾಗಿ ತೆಗೆದುಕೊಂಡು ಓಣಿ ದಾಟಿ ಹೋದೆ. ಅವನು ಆ ಕಡೆ ಮುಖ ಮಾಡಿ ಮಿಷನ್ನಿಗೆ ಎರಡೂ ಕೈ ಊರಿಕೊಂಡು ನಿಂತಿದ್ದ. ಬೆನ್ನು ಅಲ್ಲಾಡುತ್ತಿತ್ತು. ಮಿಷನ್ ಓಡುವಾಗ ಹಿಡಿದುಕೊಂಡವರ ಬೆನ್ನು ಅಲ್ಲಾಡುತ್ತದೆ. ನಾಯಿ ಅವನ ಕಾಲ ಮೇಲೆ ತಲೆ ಇಟ್ಟು ಮಲಗಿತ್ತು, ಆಗಲೇ ಅರ್ಧ ಬೆಳ್ಳಗಾಗಿತ್ತು.

ಮೇಲಿನ ತಗಡಿನ ಬಾಯಿಗೆ ರಾಗಿ ಸುರಿದೆ. ಸದ್ದು ತಗ್ಗಿತು, ಕಲ್ಲಿಗೆ ಕಾಳು ಸಿಕ್ಕಿತು.

ಸ್ವಲ್ಪ ಹೊತ್ತಾದ ಮೇಲೆ, ತಿರುಗದೆಯೇ, ಮೊದಲ ಸಲ ಕೂಗದೆ, ಮೆತ್ತಗೆ ಕೇಳಿದ.

"ನುಣ್ಗೆ ಬೇಕಾ ಅತ್ಗೆ, ತರಿ ಇರ್ಬೇಕಾ?"

"ನಾಯಿ ಮುದ್ದೆಗೆ ಕಣಪ್ಪ," ಅಂದೆ. "ನುಣ್ಗೇ ಇರ್ಲಿ."